ಓಝೋನ್ ಬಿಟ್ಟರೆ ಮನೆಯ ವಾಸನೆ ಹೋಗುತ್ತದಾ?

ಪ್ರಶ್ನೆ: ಮುಂದಿನ ತಿಂಗಳು ಬೇರೆ ಬಾಡಿಗೆ ಮನೆಗೆ ಹೋಗುತ್ತಿದ್ದೇವೆ. ಹಿಂದೆ ಇದ್ದವರು ಮನೆಯೊಳಗೇ ಸಿಗರೇಟು ಸೇದುತ್ತಿದ್ದರಂತೆ, ಹಾಲ್ ತುಂಬ ಅದೇ ವಾಸನೆ. ಒಂದು ಮಲಗುವ ಕೋಣೆಯಲ್ಲಿ ಮಾತ್ರ ಬೇರೆ ತರಹದ ಮುಗ್ಗಲು ವಾಸನೆ ಇದೆ. ಅತ್ತೆಗೆ ಉಬ್ಬಸ, ಮಗುವಿಗೆ 4 ವರ್ಷ. ಪರಿಚಯದವರೊಬ್ಬರು ಗಂಟೆಗೆ 10 ಗ್ರಾಂ ಓಝೋನ್ ಬಿಡುವ ಮಷಿನ್ ಬಾಡಿಗೆಗೆ ಗೊತ್ತು ಮಾಡಿಕೊಟ್ಟಿದ್ದಾರೆ, ಮುಂದಿನ ವಾರಕ್ಕೆ. ಜೊತೆಗೆ ಪ್ಲಗ್‌ಗೆ ಸಿಕ್ಕಿಸುವ 'ಆಕ್ಟಿವ್ ಆಕ್ಸಿಜನ್' ಡಬ್ಬಿಯೊಂದನ್ನು ಕೊಟ್ಟಿದ್ದಾರೆ. ಅದರ ಮೇಲೆ ಗಂಟೆಗೆ 50 ಮಿಲಿಗ್ರಾಂ ಎಂದು ಬರೆದಿದೆ. ದಿನವಿಡೀ ಹಾಕಿಟ್ಟರೆ ಗಾಳಿ ಶುದ್ಧವಾಗಿರುತ್ತದೆ ಅಂತಾರೆ. ಹೌದಾ? ಏನು ಮಾಡಲಿ?

ಉತ್ತರ: ಪ್ಲಗ್‌ಗೆ ಸಿಕ್ಕಿಸುವ ಡಬ್ಬಿಯ ವಿಷಯ ಮೊದಲು ಮುಗಿಸಿಬಿಡೋಣ. ಅದನ್ನು ಹಾಕಬೇಡಿ. ಅತ್ತೆ ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ.

ದೊಡ್ಡ ಮಷಿನ್ ಕಥೆ ಬೇರೆ. ಅದಕ್ಕೂ ಒಂದು ಕೆಲಸ ಇದೆ. ಆದರೆ ನಿಮ್ಮ ಮನೆಯಲ್ಲಿರುವುದು ಎರಡು ವಾಸನೆ. ಮುಗ್ಗಲು ವಾಸನೆಗೆ ಓಝೋನ್ ಮದ್ದೇ ಅಲ್ಲ. ಸಿಗರೇಟಿನ ವಾಸನೆಗೆ ಸ್ವಲ್ಪ ಸಹಾಯ ಆದೀತು, ಅದೂ ಬೇರೆಲ್ಲ ಕೆಲಸ ಮುಗಿದ ಮೇಲೆ, ಮನೆ ಖಾಲಿ ಇರುವಾಗ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಈ ಮಷಿನ್ ಮಾರುವವರು ಹೇಳುವುದರಲ್ಲಿ ಅರ್ಧ ನಿಜ ಇರುತ್ತದೆ. ತೊಂದರೆ ಬರುವುದು ಉಳಿದರ್ಧದಿಂದ.

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು ಇರುತ್ತವೆ. ಓಝೋನ್‌ನಲ್ಲಿ ಮೂರು. ಆ ಮೂರನೆಯದು ಅಲ್ಲಿ ಭದ್ರವಾಗಿ ಕೂತಿರುವುದಿಲ್ಲ. ಎದುರಿಗೆ ಸಿಕ್ಕಿದ್ದರ ಮೇಲೆ ಎರಗುತ್ತದೆ. ವಾಸನೆಯ ಅಣು ಸಿಕ್ಕರೆ ಅದನ್ನು ಒಡೆಯುತ್ತದೆ. ರಬ್ಬರ್ ಸಿಕ್ಕರೆ ರಬ್ಬರನ್ನು, ಬಟ್ಟೆಯ ಬಣ್ಣ ಸಿಕ್ಕರೆ ಬಣ್ಣವನ್ನು, ಶ್ವಾಸಕೋಶದ ಒಳಪದರ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಇದು ಕೆಟ್ಟದ್ದು, ಇದು ಒಳ್ಳೆಯದು ಅಂತ ನೋಡುವ ಕಣ್ಣು ಅದಕ್ಕಿಲ್ಲ. 'ಆಕ್ಟಿವ್ ಆಕ್ಸಿಜನ್' ಅನ್ನುವುದು ಇದೇ ಓಝೋನ್‌ಗೆ ಅಂಗಡಿಯವರು ಇಟ್ಟ ಮುದ್ದಿನ ಹೆಸರು, ಅಷ್ಟೆ.

ನಿಜವಾದ ಹೆಸರು ಬಂದದ್ದೂ ವಾಸನೆಯಿಂದಲೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪಾಠ ಹೇಳುತ್ತಿದ್ದ ಕ್ರಿಸ್ಟಿಯನ್ ಫ್ರೀಡ್ರಿಕ್ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ವಿದ್ಯುತ್ ಹಾಯಿಸಿ ನೀರನ್ನು ಒಡೆಯುತ್ತಿದ್ದಾಗ ಒಂದು ವಿಚಿತ್ರ ಘಾಟು ಗಮನಿಸಿದರು. 1840ರಲ್ಲಿ ಅದು ಬೇರೆಯೇ ವಸ್ತು ಎಂದು ಹೇಳಿ, 'ವಾಸನೆ ಬರು' ಎಂಬ ಅರ್ಥದ ಗ್ರೀಕ್ ಪದದಿಂದ ಓಝೋನ್ ಎಂದು ಕರೆದರು. ಆಮೇಲೆ ಒಂದು ತಮಾಷೆ ನಡೆಯಿತು. 19ನೇ ಶತಮಾನದ ಯುರೋಪಿನಲ್ಲಿ ಸಮುದ್ರ ತೀರದ ಗಾಳಿಯಲ್ಲಿ ಓಝೋನ್ ತುಂಬಿದೆ, ಅದನ್ನು ಎಳೆದುಕೊಂಡರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಜನ ನಂಬಿದರು. ಆ ವಾಸನೆ ಬಹುಪಾಲು ಕೊಳೆಯುವ ಕಡಲ ಪಾಚಿಯಿಂದ, ಅದರಿಂದ ಹೊರಡುವ ಗಂಧಕದ ಅನಿಲಗಳಿಂದ ಬರುವಂಥದ್ದು. ನಂಬಿಕೆ ಮಾತ್ರ ಉಳಿದುಕೊಂಡಿತು. ಇವತ್ತಿಗೂ ಪೆಟ್ಟಿಗೆಯ ಮೇಲೆ 'ಗುಡುಗು ಮಳೆಯ ನಂತರದ ತಾಜಾತನ' ಅಂತ ಬರೆಯುತ್ತಾರೆ. ಮಿಂಚಿನಿಂದ ಓಝೋನ್ ಹುಟ್ಟುವುದು ನಿಜ. ತಾಜಾತನ ಅನ್ನುವುದು ನಮ್ಮ ತಲೆಯಲ್ಲಿದೆ.

ಇನ್ನೊಂದು ಗೊಂದಲ, ಓಝೋನ್ ಪದರ. ಅದು ಇರುವುದು ತಲೆಯ ಮೇಲೆ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ತಡೆದು ನಮ್ಮನ್ನು ಕಾಪಾಡುತ್ತದೆ. ಅದನ್ನು ಯಾರೂ ಮೂಗಿನಿಂದ ಒಳಗೆ ಎಳೆದುಕೊಳ್ಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ವಿಷಯವೆಲ್ಲ ಇರುವುದು ಇಲ್ಲೇ. ಲೆಕ್ಕ ಅಂದ ತಕ್ಷಣ ಪುಟ ತಿರುವಬೇಡಿ, ಗುಣಿಸಿ ಭಾಗಿಸುವುದಷ್ಟೇ ಇದೆ.

ಗಾಳಿಯಲ್ಲಿರುವ ಓಝೋನನ್ನು ಪಿಪಿಎಂನಲ್ಲಿ ಅಳೆಯುತ್ತಾರೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಓಝೋನ್ ಇದ್ದರೆ 1 ಪಿಪಿಎಂ. ತೂಕದಲ್ಲಿ ಹೇಳಿದರೆ ಒಂದು ಘನ ಮೀಟರ್ ಗಾಳಿಗೆ ಸುಮಾರು 2 ಮಿಲಿಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಜನ ಇರುವ ಜಾಗದಲ್ಲಿ ಬಳಸುವ ವೈದ್ಯಕೀಯ ಉಪಕರಣಗಳಿಂದ 0.05 ಪಿಪಿಎಂಗಿಂತ ಜಾಸ್ತಿ ಓಝೋನ್ ಸೇರಬಾರದು ಅನ್ನುತ್ತದೆ. ಕ್ಯಾಲಿಫೋರ್ನಿಯಾ ಮನೆಯ ಏರ್ ಪ್ಯೂರಿಫೈಯರ್‌ಗಳಿಗೂ ಇದೇ ಮಿತಿ ಇಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 8 ಗಂಟೆಯ ಸರಾಸರಿಗೆ ಹೇಳುವ ಮಿತಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ. ಅದೂ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಹಾಗಾಗಿ 0.05 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಿ. ಇನ್ನೊಂದು ಸಂಖ್ಯೆ 5. ಗಾಳಿಯಲ್ಲಿ 5 ಪಿಪಿಎಂ ಇದ್ದರೆ ಅದು ಜೀವಕ್ಕೇ ತಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ಗುರುತಿಸಿದೆ.

ಮುಗ್ಗಲು ವಾಸನೆಯ ಕೋಣೆ 3 ಮೀಟರ್‌ಗೆ 3.5 ಮೀಟರ್ ಇದೆ ಅಂದುಕೊಳ್ಳೋಣ. ಎತ್ತರ ಮೂರು ಮೀಟರ್‌ಗೆ ಸ್ವಲ್ಪ ಕಡಿಮೆ. ಒಳಗೆ ಸುಮಾರು 30 ಘನ ಮೀಟರ್ ಗಾಳಿ. ಕಿಟಕಿ ಮುಚ್ಚಿದ್ದರೂ ಬಿಟ್ಟ ಓಝೋನ್ ಎಲ್ಲ ಹಾಗೇ ಉಳಿಯುವುದಿಲ್ಲ. ಗೋಡೆಗೆ, ಬಟ್ಟೆಗೆ, ಮರದ ಸಾಮಾನಿಗೆ ತಗುಲಿ ನಾಶವಾಗುತ್ತದೆ. ಸ್ವಲ್ಪ ಸಂದುಗೊಂದಿನಿಂದ ಹೊರಗೆ ಹೋಗುತ್ತದೆ. ಎರಡೂ ಸೇರಿ, ಗಂಟೆಗೆ ನಾಲ್ಕು ಸಲ ಕೋಣೆಯ ಗಾಳಿ ಬದಲಾದಷ್ಟು ಅಂತ ಹಿಡಿಯಿರಿ. ಅಂದರೆ ಗಂಟೆಗೆ 120 ಘನ ಮೀಟರ್.

ನಿಮ್ಮ ಪ್ಲಗ್ ಡಬ್ಬಿ ಗಂಟೆಗೆ 50 ಮಿಲಿಗ್ರಾಂ ಬಿಡುತ್ತದೆ. 50ನ್ನು 120ರಿಂದ ಭಾಗಿಸಿದರೆ ಘನ ಮೀಟರ್‌ಗೆ 0.42 ಮಿಲಿಗ್ರಾಂ. ಅಂದರೆ 0.2 ಪಿಪಿಎಂ. ಮಿತಿಯ ನಾಲ್ಕು ಪಟ್ಟು. ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತಾ ಅತ್ತೆ ಮಲಗಬೇಕು. ಓಝೋನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಮೂಗು, ಗಂಟಲಿನ ತೇವದಲ್ಲೇ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕೆಮ್ಮು, ಎದೆ ಬಿಗಿತ, ಉಸಿರು ಪೂರ್ತಿ ಎಳೆದುಕೊಂಡರೆ ನೋವು. ಉಬ್ಬಸ ಇದ್ದವರಿಗೆ ಅದು ಕೆರಳುತ್ತದೆ. ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ, ಅದನ್ನೂ ಮರೆಯಬೇಡಿ.

ಸರಿ, ಗಂಟೆಗೆ 5 ಮಿಲಿಗ್ರಾಂ ಬಿಡುವ ಸಣ್ಣ ಡಬ್ಬಿ ತಂದರೆ? ಆಗ 0.02 ಪಿಪಿಎಂ, ಮಿತಿಯೊಳಗೆ. ಆದರೆ ಅಷ್ಟು ಓಝೋನ್ ಗಾಳಿಯಲ್ಲಿನ ರೋಗಾಣುವಿಗೂ ಏನೂ ಮಾಡುವುದಿಲ್ಲ, ಗೋಡೆಗೆ ಹತ್ತಿದ ಸಿಗರೇಟಿನ ಅಂಟಿಗೂ ಏನೂ ಮಾಡುವುದಿಲ್ಲ. ರೋಗಾಣು, ಬೂಷ್ಟು ಸಾಯಬೇಕಾದರೆ ಮಿತಿಯ ಎಷ್ಟೋ ಪಟ್ಟು ಬೇಕು.

ಇದೇ ಓಝೋನಿನ ಸಮಸ್ಯೆ. ನಾವು ಉಸಿರಾಡಬಹುದಾದಷ್ಟು ಇದ್ದರೆ ಅದು ಕೆಲಸ ಮಾಡುವುದಿಲ್ಲ, ಕೆಲಸ ಮಾಡುವಷ್ಟು ಇದ್ದರೆ ನಾವು ಅಲ್ಲಿರುವ ಹಾಗಿಲ್ಲ. ನಡುವೆ ಒಂದು 'ಸರಿಯಾದ ಮಟ್ಟ' ಇದೆ, ನಮ್ಮ ಮಷಿನ್ ಅಲ್ಲೇ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದೊಡ್ಡ ಮಷಿನ್ ಲೆಕ್ಕವನ್ನೂ ಮಾಡಿಬಿಡೋಣ. 10 ಗ್ರಾಂ ಅಂದರೆ 10,000 ಮಿಲಿಗ್ರಾಂ. 120ರಿಂದ ಭಾಗಿಸಿದರೆ 83, ಅಂದರೆ 40 ಪಿಪಿಎಂ ದಾಟುತ್ತದೆ. ಆಗಲೇ ಹೇಳಿದ 5ರ ಎಂಟು ಪಟ್ಟು. ಆ ಕೋಣೆಗೆ ಕಾಲಿಡುವ ಮಾತೇ ಇಲ್ಲ.

ನಾನು ಒಮ್ಮೆ ಕಾಲಿಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಇಂಥದ್ದೇ ಮಷಿನ್ ಓಡುತ್ತಿತ್ತು. ಟೈಮರ್ ಕೆಟ್ಟು ಅದು ನಿಂತಿರಲಿಲ್ಲ. ಉಸಿರು ಕಟ್ಟಿಕೊಂಡು ಓಡಿಹೋಗಿ ಸ್ವಿಚ್ ಆರಿಸಿ ಬಂದರಾಯಿತು ಅಂದುಕೊಂಡೆ. ಸ್ವಿಚ್ ಇದ್ದದ್ದು ಕಪಾಟಿನ ಹಿಂದೆ. ಹುಡುಕುವಷ್ಟರಲ್ಲಿ ಒಂದು ಉಸಿರು ಎಳೆಯಲೇಬೇಕಾಯಿತು. ಒಂದೇ ಒಂದು. ಗಂಟಲಿಗೆ ಮರಳುಕಾಗದ ಉಜ್ಜಿದ ಹಾಗಾಯಿತು, ಎರಡು ದಿನ ಕೆಮ್ಮಿದೆ. ಮೇನ್ ಸ್ವಿಚ್ ಹೊರಗಡೆ ಬಾಗಿಲ ಪಕ್ಕದಲ್ಲೇ ಇತ್ತು. ಅದು ನನಗೆ ಹೊಳೆಯಲೇ ಇಲ್ಲ.

'ಆದರೆ ವಾಸನೆ ಹೋಗುತ್ತದಲ್ಲ, ನಾನೇ ನೋಡಿದ್ದೇನೆ' ಅಂತ ಬಹಳ ಜನ ಹೇಳುತ್ತಾರೆ. ಸುಳ್ಳೇನಲ್ಲ. ಗಾಳಿಯಲ್ಲಿ ತೇಲುವ ಕೆಲವು ವಾಸನೆಯ ಅಣುಗಳನ್ನು ಅದು ನಿಜವಾಗಿ ಒಡೆಯುತ್ತದೆ. ಜೊತೆಗೆ ಇನ್ನೆರಡು ಆಟ ನಡೆಯುತ್ತದೆ. ಓಝೋನಿನ ಸ್ವಂತ ಘಾಟು ಉಳಿದ ವಾಸನೆಯನ್ನು ಮುಚ್ಚುತ್ತದೆ. ಮೂಗು ಕೂಡ ಮಂದವಾಗುತ್ತದೆ. ಮೂರು ದಿನ ಬಿಟ್ಟು ಆ ಕೋಣೆಯ ಬಾಗಿಲು ಮುಚ್ಚಿಟ್ಟು, ಆಮೇಲೆ ತೆರೆದು ನೋಡಿ. ವಾಸನೆ ಮತ್ತೆ ಅಲ್ಲೇ ಇರುತ್ತದೆ. ಅದು ಕೂತಿರುವುದು ಗಾಳಿಯಲ್ಲಲ್ಲ, ಗೋಡೆಯಲ್ಲಿ.

ಒಡೆದ ಅಣುಗಳು ಏನಾಗುತ್ತವೆ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಮಾರುವವರ ಚಿತ್ರದಲ್ಲಿ ಎಲ್ಲವೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಮಾಯವಾಗುತ್ತದೆ. ಮನೆಯಲ್ಲಿ ಹಾಗಾಗುವುದಿಲ್ಲ. ಅರ್ಧಂಬರ್ಧ ಒಡೆದು ಹೊಸ ವಸ್ತುಗಳಾಗುತ್ತವೆ. ನಿಂಬೆ ವಾಸನೆಯ ನೆಲ ಒರೆಸುವ ದ್ರವದಲ್ಲಿ ಲಿಮೊನೀನ್ ಇರುತ್ತದೆ. ಪೈನ್ ವಾಸನೆಯದರಲ್ಲಿ ಪೈನೀನ್. ಇವೆರಡಕ್ಕೂ ಓಝೋನ್ ಕಂಡರೆ ಬಲು ಸೆಳೆತ. ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಜೊತೆಗೆ ಕಣ್ಣಿಗೆ ಕಾಣದ ಅತಿ ಸಣ್ಣ ಕಣಗಳು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರಬಲ್ಲ ವಸ್ತು, ಕಣಗಳು ಶ್ವಾಸಕೋಶದ ತುದಿಯವರೆಗೆ ಹೋಗಬಲ್ಲವು. ಒಳ್ಳೆ ವಾಸನೆಯ ದ್ರವದಿಂದ ನೆಲ ಒರೆಸಿ, ಪಕ್ಕದಲ್ಲಿ 'ಗಾಳಿ ಶುದ್ಧ ಮಾಡುವ' ಡಬ್ಬಿ ಹಾಕಿ, ಕಿಟಕಿ ಮುಚ್ಚಿದರೆ ನಮ್ಮ ಕೈಯಾರೆ ಗಾಳಿ ಕೆಡಿಸಿದ ಹಾಗೆ.

ಸಿಗರೇಟಿನ ಅಂಟೂ ಹೀಗೆಯೇ. ಗೋಡೆಗೆ ಹತ್ತಿದ ನಿಕೋಟಿನ್ ಮೇಲೆ ಓಝೋನ್ ಬಿದ್ದರೆ ಅದರಿಂದಲೂ ಅತಿ ಸಣ್ಣ ಕಣಗಳು ಏಳುತ್ತವೆ ಎಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿ ತೋರಿಸಿದ್ದಾರೆ. ನಿಮ್ಮ ಹಾಲ್‌ಗೆ ಮೊದಲೇ ಓಝೋನ್ ಬಿಡಬೇಡಿ ಅನ್ನುವುದು ಇದಕ್ಕೇ. ತೊಳೆಯದ ಗೋಡೆಗೆ ಓಝೋನ್ ಬಿಡುವುದು ಒಗೆಯದ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ.

ಇನ್ನೂ ಒಂದು ವಿಚಿತ್ರ ಇದೆ. ನಮ್ಮ ಚರ್ಮದ ಎಣ್ಣೆಯಲ್ಲಿ ಸ್ಕ್ವಾಲೀನ್ ಎಂಬ ವಸ್ತು ಇದೆ. ಓಝೋನ್ ಅದನ್ನು ಬಹಳ ಬೇಗ ಹಿಡಿಯುತ್ತದೆ. ಅಂದರೆ ಕೋಣೆಯಲ್ಲಿ ಮನುಷ್ಯ ಕೂತಿದ್ದರೆ ಅವನ ಮೈ, ತಲೆಕೂದಲು, ಹಾಕಿದ ಬಟ್ಟೆ ಎಲ್ಲವೂ ಓಝೋನ್ ಹೀರಿಕೊಂಡು, ಫಾರ್ಮಾಲ್ಡಿಹೈಡ್ ಬಳಗದ ಬೇರೆ ಬೇರೆ ಆಲ್ಡಿಹೈಡ್‌ಗಳನ್ನು ಬಿಡುತ್ತವೆ. ಕಟ್ಟಡದೊಳಗಿನ ಗಾಳಿಯ ರಸಾಯನ ವಿಜ್ಞಾನಿ ಚಾರ್ಲ್ಸ್ ವೆಶ್ಲರ್ ಮತ್ತು ಅವರ ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ವಿಮಾನದ ಒಳಗಿನ ಗಾಳಿಯನ್ನೂ ಸೇರಿಸಿ. ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿಯಲ್ಲೇ ಓಝೋನ್ ಇರುತ್ತದಲ್ಲ. ಅದನ್ನು ಒಡೆದು ಒಳಗೆ ಬಿಡಲೆಂದೇ ಎಷ್ಟೋ ಜೆಟ್ ವಿಮಾನಗಳಲ್ಲಿ ಕನ್ವರ್ಟರ್ ಇಟ್ಟಿರುತ್ತಾರೆ. ಅಲ್ಲಿ ದುಡ್ಡು ಕೊಟ್ಟು ತೆಗೆಯುವುದನ್ನು ಮನೆಯಲ್ಲಿ ದುಡ್ಡು ಕೊಟ್ಟು ತುಂಬಿಸುತ್ತಿದ್ದೇವೆ! ಓಝೋನ್ ಹಾಕಿದ ಮನೆಯ ದಿಂಬು, ಹಾಸಿಗೆ, ಕಾರ್ಪೆಟ್‌ನಿಂದ ಹಳೇ ಎಣ್ಣೆಯ ಹಾಗೆ ಒಂದು ಕಮಟು ವಾಸನೆ ಬರುವುದುಂಟು. ಅದು ಇದೇ ಆಲ್ಡಿಹೈಡ್‌ಗಳ ಗುಂಪಿನದು.

ಕೆಲವಕ್ಕೆ ಓಝೋನ್ ತಗುಲುವುದೇ ಇಲ್ಲ. ಧೂಳಿಗೆ ಇಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಇಲ್ಲ, ಅದರ ಜೊತೆ ಸೇರುವ ವೇಗ ಲೆಕ್ಕಕ್ಕೆ ಬರದಷ್ಟು ನಿಧಾನ. ಹಾಗಾಗಿ ಗೀಸರ್ ಅಥವಾ ಒಲೆಯ ಹೊಗೆಯ ಸಮಸ್ಯೆಗೆ ಇದನ್ನು ನಂಬಿದರೆ ಪ್ರಾಣಕ್ಕೇ ಸಂಚಕಾರ.

ನೀರಿನ ಘಟಕಗಳಲ್ಲಿ ಓಝೋನ್ ಬಳಸುತ್ತಾರಲ್ಲ ಅಂತ ನೀವು ಕೇಳಬಹುದು. ಹೌದು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದಲೇ ಕುಡಿಯುವ ನೀರಿಗೆ ಬಳಸಿದ್ದಾರೆ. ಆದರೆ ಅದು ಮುಚ್ಚಿದ ತೊಟ್ಟಿಯೊಳಗೆ ನಡೆಯುವ ಕೆಲಸ, ಒಳಗೆ ಕೂತು ಉಸಿರಾಡುವವರು ಯಾರೂ ಇರುವುದಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಮೊದಲು ಮುಗ್ಗಲು ವಾಸನೆಯ ಕೋಣೆ.

ಮುಗ್ಗಲು ವಾಸನೆ ಅಂದರೆ ಎಲ್ಲೋ ಬೂಷ್ಟು ಬೆಳೆದಿದೆ, ಬೂಷ್ಟು ಅಂದರೆ ಎಲ್ಲೋ ನೀರಿದೆ. ಓಝೋನ್ ಮೇಲ್ಮೈಯಲ್ಲಿರುವುದನ್ನು ಸ್ವಲ್ಪ ಸಾಯಿಸೀತು. ಗಾರೆಯೊಳಗೆ, ಪ್ಲೈವುಡ್ ಹಿಂದೆ ಹೋಗುವುದಿಲ್ಲ. ದಾರಿಯಲ್ಲೇ ಖರ್ಚಾಗುತ್ತದೆ. ಸತ್ತ ಬೂಷ್ಟೂ ಗೋಡೆಯ ಮೇಲೆಯೇ ಇರುತ್ತದೆ, ಅದರ ಪುಡಿಯೂ ಅಲರ್ಜಿ ತರುತ್ತದೆ. ನೀರು ನಿಲ್ಲದಿದ್ದರೆ ಹೊಸದು ಮತ್ತೆ ಬರುತ್ತದೆ. ಒದ್ದೆಯಾದ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು.

ನೀರು ಎಲ್ಲಿಂದ ಅಂತ ಕಂಡುಹಿಡಿಯಲು ಒಂದು ಹಳೆಯ ಉಪಾಯ ಇದೆ. ಎರಡಡಿ ಉದ್ದ ಅಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅನುಮಾನ ಇರುವ ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಗೋಡೆಯ ಕಡೆಗೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಪೈಪು, ಪಕ್ಕದ ಬಚ್ಚಲು, ಮೇಲಿನ ತಾರಸಿ, ಹೊರಗೋಡೆಯ ಬಿರುಕು, ಎಲ್ಲ ನೋಡಬೇಕು. ಕೋಣೆಯ ಕಡೆಗೆ ಹನಿ ಇದ್ದರೆ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಆಗ ಗಾಳಿ ಓಡಾಡಬೇಕು, ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಬೇಕು. ತೇವ ಅಳೆಯುವ ಸಣ್ಣ ಮೀಟರ್ ಒಂದು ತಂದಿಡಿ. ಗಾಳಿಯ ತೇವಾಂಶ 60 ಪ್ರತಿಶತದ ಕೆಳಗೆ ಇರಲಿ, 50ಕ್ಕೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಬಾಡಿಗೆ ಮನೆಯಾದ್ದರಿಂದ ಸೋರಿಕೆ ಇದ್ದರೆ ಓನರ್‌ಗೆ ಈಗಲೇ ಹೇಳಿ. ಫೋಟೋ ತೆಗೆದಿಡಿ. ಸಾಮಾನು ತುಂಬಿದ ಮೇಲೆ ಗೋಡೆ ಒಡೆಯುವ ಕೆಲಸ ಎರಡು ಪಟ್ಟು ಕಷ್ಟ.

ಸೋರಿಕೆ ನಿಂತು ಗೋಡೆ ಒಣಗಿದ ಮೇಲೆ ಉಳಿದ ಬೂಷ್ಟನ್ನು ಸೋಪಿನ ನೀರಿನಿಂದ ಉಜ್ಜಿ ತೆಗೆಯಿರಿ. ಒಂದು ಚದರ ಮೀಟರ್‌ಗಿಂತ ಕಡಿಮೆ ಇದ್ದರೆ ನೀವೇ ಮಾಡಬಹುದು. ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ. ಒಣಗಿದ್ದನ್ನು ಪೊರಕೆಯಲ್ಲಿ ಕೆರೆಯಬೇಡಿ, ಪುಡಿ ಮನೆಯೆಲ್ಲ ಹರಡುತ್ತದೆ. ಜಾಸ್ತಿ ಜಾಗ ಹಬ್ಬಿದ್ದರೆ ಗೊತ್ತಿದ್ದವರ ಕೈಯಲ್ಲಿ ಮಾಡಿಸಿ. ಅತ್ತೆ, ಮಗು ಆವತ್ತು ಅಲ್ಲಿರಬಾರದು.

ಇನ್ನು ಹಾಲ್. ಹೋದಾಗ ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಫ್ಯಾನಿನ ರೆಕ್ಕೆ ಮೇಲೆ, ಬಾಗಿಲಿನ ಮೇಲಂಚಿನ ಮೇಲೆ ಒರೆಸಿ. ಹಳದಿ, ಕಂದು ಬಣ್ಣ ಬಂದರೆ ಅದೇ ಸಿಗರೇಟಿನ ಅಂಟು. ಅದು ಗೋಡೆ, ಸೀಲಿಂಗ್, ಸ್ವಿಚ್ ಬೋರ್ಡ್ ಎಲ್ಲದರ ಮೇಲೂ ಇರುತ್ತದೆ. ಡಿಟರ್ಜೆಂಟ್ ಹಾಕಿದ ಬಿಸಿನೀರಿನಿಂದ ತೊಳೆಯಬೇಕು, ಸೀಲಿಂಗನ್ನೂ. ಸೀಲಿಂಗ್ ಬಿಟ್ಟುಬಿಡುವವರೇ ಜಾಸ್ತಿ, ಹೊಗೆ ಮೇಲಕ್ಕೇ ಹೋಗುತ್ತದಲ್ವಾ? ನೀರು ಕಂದಾಗುವುದು ನಿಲ್ಲುವವರೆಗೆ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಕಲೆ ಮುಚ್ಚುವ ಪ್ರೈಮರ್ ಒಂದು ಕೋಟ್, ಅದರ ಮೇಲೆ ಪೇಂಟ್. ತೊಳೆಯದೆ, ಪ್ರೈಮರ್ ಇಲ್ಲದೆ ನೇರ ಪೇಂಟ್ ಹೊಡೆದರೆ ಹಳದಿ ಕಲೆಯೂ ವಾಸನೆಯೂ ಕೆಲವು ತಿಂಗಳಲ್ಲಿ ಹೊರಗೆ ಬರುತ್ತವೆ. ಹಿಂದಿನವರು ಬಿಟ್ಟುಹೋದ ಪರದೆ, ಕಾರ್ಪೆಟ್ ಇದ್ದರೆ ಇಟ್ಟುಕೊಳ್ಳಬೇಡಿ. ಏಸಿ ಇದ್ದರೆ ಫಿಲ್ಟರ್ ಒಂದೇ ಅಲ್ಲ, ಒಳಗಿನ ಕಾಯಿಲ್ ಕೂಡ ತೊಳೆಸಿ.

ಪೇಂಟ್ ಒಣಗಿ, ಒಂದು ವಾರ ಕಿಟಕಿ ತೆರೆದಿಟ್ಟ ಮೇಲೂ ಹಾಲ್‌ನಲ್ಲಿ ಸಿಗರೇಟು ವಾಸನೆ ಉಳಿದಿದ್ದರೆ, ಆಗ ದೊಡ್ಡ ಮಷಿನ್ ಯೋಚನೆ ಮಾಡಬಹುದು. ಬೆಂಕಿ ಬಿದ್ದ ಕಟ್ಟಡಗಳ ಹೊಗೆ ವಾಸನೆ ತೆಗೆಯುವವರೂ ಇದನ್ನು ಹೀಗೆಯೇ ಬಳಸುತ್ತಾರೆ, ಸ್ವಚ್ಛ ಮಾಡಿದ ಮೇಲೆ, ಖಾಲಿ ಜಾಗದಲ್ಲಿ.

ಬಳಸುವುದೇ ಆದರೆ ನೀವು ಸಾಮಾನು ತರುವ ಮೊದಲೇ ಆಗಲಿ. ಮನೆಯಲ್ಲಿ ಮನುಷ್ಯರು, ಸಾಕುಪ್ರಾಣಿ, ಗಿಡ, ಮೀನಿನ ತೊಟ್ಟಿ ಯಾವುದೂ ಇರಬಾರದು. ರಬ್ಬರ್ ಇರುವ ವಸ್ತು, ಬಣ್ಣದ ಚಿತ್ರ, ಎಲೆಕ್ಟ್ರಾನಿಕ್ ಸಾಮಾನು ಹೊರಗಿರಲಿ. ಓಝೋನಿಗೆ ರಬ್ಬರ್ ಬಿರುಕು ಬಿಡುತ್ತದೆ, ಇಲಾಸ್ಟಿಕ್ ಸಡಿಲವಾಗುತ್ತದೆ. ಫ್ರಿಜ್ ಇದ್ದರೆ ಬಾಗಿಲಿನ ರಬ್ಬರ್ ಪಟ್ಟಿಗೂ ಅದೇ ಗತಿ. ಪಕ್ಕದ ಮನೆಗೆ ಹೊಂದಿಕೊಂಡ ಗೋಡೆ, ಒಂದೇ ಡಕ್ಟ್ ಇದ್ದರೆ ಮಷಿನ್ ಬೇಡವೇ ಬೇಡ. ನಿಮ್ಮ ಓಝೋನ್ ಇನ್ನೊಬ್ಬರ ಮಲಗುವ ಕೋಣೆಯಲ್ಲಿ ಏಳಬಾರದು. ಬಾಗಿಲಿಗೆ ಕಾಣುವ ಹಾಗೆ ಚೀಟಿ ಅಂಟಿಸಿ. ನನ್ನ ಕಥೆ ನೆನಪಿಟ್ಟುಕೊಂಡು, ಆರಿಸುವ ಸ್ವಿಚ್ ಹೊರಗಡೆ ಇರುವ ಹಾಗೆ ನೋಡಿಕೊಳ್ಳಿ. ಟೈಮರ್ ಒಂದನ್ನೇ ನಂಬಬೇಡಿ.

ಆರಿಸಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ಇಲ್ಲೂ ಲೆಕ್ಕ ಸುಲಭ. 40 ಪಿಪಿಎಂನಿಂದ 0.05ರ ಕೆಳಗೆ ಬರಲು ಹತ್ತು ಸಲ ಅರ್ಧ ಅರ್ಧ ಆಗಬೇಕು. ಸಾಮಾನ್ಯ ಕೋಣೆಯಲ್ಲಿ ಒಂದು ಸಲ ಅರ್ಧವಾಗಲು ಹತ್ತು ನಿಮಿಷ ಹಿಡಿದರೆ ಒಟ್ಟು ನೂರು ನಿಮಿಷ. ಆದರೆ ತುಂಬ ಹೊತ್ತು ಓಝೋನ್ ಕುಡಿದ ಗೋಡೆ ಸುಸ್ತಾಗುತ್ತದೆ, ಮೊದಲಿನಷ್ಟು ಬೇಗ ಹೀರುವುದಿಲ್ಲ. ಖಾಲಿ ಕೋಣೆಯಲ್ಲಿ ಬಟ್ಟೆ, ಹಾಸಿಗೆಯೂ ಇರುವುದಿಲ್ಲ. ಅರ್ಧವಾಗಲು 40 ನಿಮಿಷ ಬೇಕಾದರೆ ಆರೂವರೆ ಗಂಟೆ ದಾಟಿತು. ಹಾಗಾಗಿ ಸಂಜೆ ಆರಿಸಿ, ಮಾರನೇ ಬೆಳಿಗ್ಗೆ ಹೋಗಿ ಎಲ್ಲ ಕಿಟಕಿ ತೆರೆದು, ತಕ್ಷಣ ಹೊರಗೆ ಬನ್ನಿ. ಒಳಗೆ ಇರುವುದು ಮಧ್ಯಾಹ್ನದ ಮೇಲಿರಲಿ. ಘಾಟು ಬಂದರೆ ಇನ್ನೂ ಓಝೋನ್ ಇದೆ ಅಂತಲೇ ಅರ್ಥ. ಬರದಿದ್ದರೆ ಹೋಗಿದೆ ಅಂತ ಮೂಗಿನ ಮಾತು ಪೂರ್ತಿ ನಂಬಬೇಡಿ, ಹತ್ತು ನಿಮಿಷ ಹೊರಗಿನ ಗಾಳಿ ಕುಡಿದು ಮತ್ತೆ ಒಳಗೆ ಹೋಗಿ ನೋಡಿ. ಅತ್ತೆ, ಮಗು ಒಳಗೆ ಕಾಲಿಡುವುದು ಇನ್ನೆರಡು ದಿನ ಕಿಟಕಿ ತೆರೆದಿಟ್ಟ ಮೇಲೆ. ಓಝೋನ್ ಬೇಗ ಹೋಗುತ್ತದೆ, ಅದು ಹುಟ್ಟಿಸಿದ ಫಾರ್ಮಾಲ್ಡಿಹೈಡ್ ಮತ್ತು ಅದರ ಬಳಗ ನಿಧಾನ. ಆ ದಿನಗಳಲ್ಲಿ ಸುವಾಸನೆಯ ಫಿನಾಯಿಲ್, ಸ್ಪ್ರೇ ಏನೂ ಬೇಡ.

ಅತ್ತೆಯ ಕೋಣೆಗೆ ದಿನವೂ ಏನಾದರೂ ಬೇಕು ಅನ್ನಿಸಿದರೆ ಫಿಲ್ಟರ್ ಇರುವ ಪ್ಯೂರಿಫೈಯರ್ ತನ್ನಿ. ಹೆಪಾ ಫಿಲ್ಟರ್ ಅಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಪ್ರತಿಶತ ಹಿಡಿಯುವಂಥದ್ದು. 30 ಘನ ಮೀಟರ್ ಕೋಣೆಯ ಗಾಳಿ ಗಂಟೆಗೆ ಐದು ಸಲ ಸೋಸಿ ಬರಬೇಕಾದರೆ ಗಂಟೆಗೆ 150 ಘನ ಮೀಟರ್ ಶುದ್ಧ ಗಾಳಿ ಕೊಡುವುದು ಬೇಕು. ಪೆಟ್ಟಿಗೆಯ ಮೇಲೆ ಸಿಎಡಿಆರ್ ಅಂತ ಬರೆದಿರುತ್ತದೆ, ಅದನ್ನೇ ನೋಡಿ. ವಾಸನೆಗೆ ಇದ್ದಿಲಿನ ಫಿಲ್ಟರ್ ಬೇಕು. ಇದ್ದಿಲು ಕಪ್ಪು ಬಟ್ಟೆಯ ಹಾಗೆ ತೆಳ್ಳಗಿದ್ದರೆ ಲಾಭವಿಲ್ಲ, ಕೈಗೆ ಭಾರ ಸಿಗುವಷ್ಟು ಕಾಳು ಇರಬೇಕು. 'ಅಯೋನೈಸರ್', 'ಪ್ಲಾಸ್ಮಾ' ಅಂತ ಬಟನ್ ಇದ್ದರೆ ಆರಿಸಿಡಿ, ಅವುಗಳಲ್ಲಿ ಕೆಲವು ಸದ್ದಿಲ್ಲದೆ ಓಝೋನ್ ಬಿಡುತ್ತವೆ. ಯುಎಲ್ 2998 ಎಂಬ ಗುರುತಿದ್ದರೆ ಅದು ಓಝೋನ್ ಬಿಡುವುದಿಲ್ಲ ಎಂದು ಪರೀಕ್ಷೆಯಾಗಿದೆ ಅಂತ ಅರ್ಥ. ಯುವಿ ದೀಪ ಇರುವುದಾದರೆ ತರಂಗದ ಅಳತೆ ಕೇಳಿ. 254 ನ್ಯಾನೋಮೀಟರ್‌ನದು ರೋಗಾಣುವಿಗೆ, 185ರದು ಓಝೋನ್ ಹುಟ್ಟಿಸುತ್ತದೆ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ತರಲೇಬೇಡಿ.

ಉಳಿದದ್ದು ಬಾಡಿಗೆ ಮಷಿನ್. ಅದನ್ನು ಮುಂದಿನ ವಾರಕ್ಕೆ ಹೇಳಿದ್ದೀರಿ. ಮನೆಗೆ ಹೋಗುವ ನಾಲ್ಕೈದು ದಿನ ಮೊದಲಿಗೆ ತಾರೀಖು ಮುಂದೆ ಹಾಕಿ ಅಂತ ಹೇಳಿ. ಅಷ್ಟರಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ, ತೊಳೆಯುವುದು, ಪೇಂಟ್ ಮುಗಿದಿರುತ್ತದೆ. ಮಷಿನ್ ಕೊಡುವವರು ತಾರೀಖು ಬದಲಿಸಲು ಒಪ್ಪದಿದ್ದರೆ ಬೇಡ ಅಂದುಬಿಡಿ. ನಾನು ನೋಡಿದ ಇಂಥ ಮನೆಗಳಲ್ಲಿ ಸೀಲಿಂಗ್ ತೊಳೆದು ಪ್ರೈಮರ್ ಹೊಡೆದ ಮೇಲೆ ಮಷಿನ್ ಬೇಕಾದದ್ದು ಕಡಿಮೆ.